ಖಾಲಿ ಮಾಡಿದ ಚಹಾ ಬಟ್ಟಲು

ಎರಡು ಸಾವಿರದ ಇಸವಿಯ ಸುಮಾರಿಗೆ ಅಮೆರಿಕದ ರೌಂಡ್ ರಾಕ್ ಊರಿನ ಅಪಾರ್ಟ್‌ಮೆಂಟಿನಲ್ಲಿ ಒಬ್ಬನೇ ಇದ್ದೆ. ಪ್ರತಿ ಶನಿವಾರ ಮಧ್ಯಾಹ್ನ ಒಂದು ಜಪಾನೀ ಹೋಟೆಲಿಗೆ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆ. ಸಸ್ಯಾಹಾರಿಯಾದ ನನಗೆ ಅಲ್ಲಿ ಸಿಗುತ್ತಿದ್ದದ್ದು ಸೌತೆಕಾಯಿ ಇಟ್ಟು ಸುತ್ತಿದ ಅನ್ನ ಮತ್ತು ಹಸಿರು ಚಹಾ, ಅಷ್ಟೇ. ಬಡಿಸಿದ್ದನ್ನು ಬಿಡಬಾರದೆಂದು ಬೆಳೆದವನು ನಾನು. ಬಗ್ಗಿಸಿದಷ್ಟೂ ಕುಡಿದು ಮುಗಿಸುತ್ತಿದ್ದೆ. ಹೋಟೆಲಿನ ಒಡತಿ, ವಯಸ್ಸಾದ ಜಪಾನೀ ಹೆಂಗಸು, ಮತ್ತೆ ಬಂದು ತುಂಬುತ್ತಿದ್ದರು. ಒಂದು ದಿನ ನಾಲ್ಕನೇ ಸಲ ಬಂದಾಗ ಸಿಟ್ಟೇ ಬಂತು. ಮದುವೆಮನೆಯ ಪಂಕ್ತಿಯಲ್ಲಿ ಎಲೆಗೆ ಅಡ್ಡ ಹಿಡಿಯುವಂತೆ ಎರಡೂ ಕೈಗಳನ್ನು ಬಟ್ಟಲಿನ ಮೇಲೆ ಹಿಡಿದೆ.

ಅವರು ನಕ್ಕರು. "ಸಾಕಾದರೆ ತುಂಬಿದ ಬಟ್ಟಲನ್ನು ಹಾಗೇ ಬಿಡಿ," ಎಂದು ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದರು. "ಖಾಲಿ ಕಂಡರೆ ಬೇಕು ಅಂತಲೇ ಅರ್ಥ. ನಮ್ಮಲ್ಲಿ ಯಾರೂ ತಮ್ಮ ಬಟ್ಟಲಿಗೆ ತಾವೇ ಬಗ್ಗಿಸಿಕೊಳ್ಳುವುದಿಲ್ಲ."

ಇಷ್ಟೇನಾ ಅನ್ನಿಸಿತು. ಮುಂದಿನ ಶನಿವಾರ ಮೊದಲ ಬಟ್ಟಲನ್ನೇ ಮುಟ್ಟದೆ ಬಿಟ್ಟೆ. ಅವರು ದೂರದಿಂದಲೇ ನೋಡಿ, ತಲೆಬಾಗಿ, ಬೇರೆ ಮೇಜಿಗೆ ಹೋದರು. ಊಟ ಮುಗಿಯುವವರೆಗೂ ನನ್ನ ಬಳಿ ಯಾರೂ ಸುಳಿಯಲಿಲ್ಲ.

ಅದರ ಮುಂದಿನ ವಾರದಿಂದ, ನಾಲಿಗೆ ಸುಟ್ಟರೂ ಸರಿಯೇ, ಅವರು ಬೆನ್ನು ತಿರುಗಿಸುವಷ್ಟರಲ್ಲಿ ಬಟ್ಟಲು ಖಾಲಿ ಮಾಡಿಬಿಡುತ್ತಿದ್ದೆ.