ಹೊಳೆಗೆ ಬಿಟ್ಟ ಮಡಕೆ

ಮೊನ್ನೆ ಕಲ್ಲಡ್ಕದಲ್ಲಿ ಬಸ್ಸು ನಿಂತಾಗ ಹೆದ್ದಾರಿ ಬದಿಯಲ್ಲಿ ಜೆಸಿಬಿ ಗುಡ್ಡ ಕಡಿಯುತ್ತಿತ್ತು. ಆಗಷ್ಟೇ ಅಗೆದ ಕೆಂಪು ಮಣ್ಣಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ನನಗೆ ಕುಳಿತಲ್ಲಿ ಕುಳಿತಿರಲು ಆಗಲಿಲ್ಲ. ಇಳಿದುಬಿಡಲೇ ಎಂದು ಚೀಲಕ್ಕೆ ಕೈ ಹಾಕಿದೆ... ಜವುಳಿ ಅಂಗಡಿಯ ಸಾಹೇಬರು ನನಗೆ ಅಂಟಿಸಿಹೋದ ಚಾಳಿ ಇದು.

ನರಿಕೊಂಬಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಪ್ರಾಯದಲ್ಲಿ ಬಹ್ರೇನಿನಲ್ಲಿ ದುಡಿಯುತ್ತಿದ್ದಾಗ ಅಲ್ಲಿನ ಸಾವಿರಾರು ವರ್ಷ ಹಳೆಯ ಸಮಾಧಿ ದಿಬ್ಬಗಳನ್ನು ನೋಡಿ ಹುಚ್ಚು ಹಿಡಿಸಿಕೊಂಡು ಬಂದವರು. ಹರಪ್ಪದ ಕಾಲದ ಮಣಿಗಳು ಹಡಗಿನಲ್ಲಿ ಅಲ್ಲಿಗೆ ಹೋಗುತ್ತಿದ್ದವು ಎಂದು ಹೇಳುವಾಗ, ತಾವೇ ಮೂಟೆ ಕಟ್ಟಿ ಕಳಿಸಿದವರ ಗತ್ತು ಅವರಿಗೆ. ಎಲ್ಲಿ ಜೆಸಿಬಿ ಅಗೆಯುವ ಸುದ್ದಿ ಕೇಳಿದರೂ ಬಟ್ಟೆ ಅಳೆಯುವುದನ್ನು ಅರ್ಧಕ್ಕೆ ಬಿಟ್ಟು ಸ್ಕೂಟರ್ ಹತ್ತುತ್ತಿದ್ದರು. ಮೂಡುಬಿದಿರೆ, ಬೆಳ್ತಂಗಡಿಯವರೆಗೂ ಹೋಗಿ ಬರಿಗೈಯಲ್ಲಿ ಬರುತ್ತಿದ್ದರು. ಆ ಕಾಲದವರೂ ನಮ್ಮ ಹಾಗೆ ಮನುಷ್ಯರೇ, ಇಲ್ಲೇ ಎಲ್ಲೋ ಮಣ್ಣಿನಡಿ ಇದ್ದಾರೆ ಎನ್ನುವುದು ಅವರ ವಾದ.

ಕೊನೆಗೆ ಸಿಕ್ಕಿದ್ದು ನಮ್ಮ ಹಿತ್ತಿಲಿನಲ್ಲಿ. ಹೊಸ ಮನೆಗೆ ಜಾಗ ಸಮ ಮಾಡುವಾಗ ಕೆಂಪು ಮುರಕಲ್ಲಿನ ಅಡಿಯಲ್ಲಿ ಒಂದು ಕುಳಿ, ಅದರೊಳಗೆ ಕಪ್ಪು-ಕೆಂಪು ಮಡಕೆ, ಮಡಕೆಯಲ್ಲಿ ಎಲುಬಿನ ಚೂರುಗಳು. ಓಡಿ ಬಂದ ಸಾಹೇಬರು ಮಣ್ಣಿನಲ್ಲೇ ಕುಳಿತುಬಿಟ್ಟರು. ನಮ್ಮ ಮನೆಯವರು ಹೆದರಿ ಕೆಲಸ ನಿಲ್ಲಿಸಿ ಜ್ಯೋತಿಷ್ಯದ ಪ್ರಶ್ನೆ ಇರಿಸಿದರು. ಕವಡೆ ಹಾಕಿ ನೋಡಿದ ಜೋಯಿಸರು, ಇದು ಸದ್ಗತಿ ಸಿಗದ ಯಾರೋ ಹಿರಿಯರು, ಹೊಳೆಗೆ ಬಿಡಬೇಕು ಎಂದರು.

ಪುರಾತತ್ವ ಇಲಾಖೆಯವರು ಬಂದು ನೋಡುವವರೆಗಾದರೂ ಕಾಯಿರಿ ಎಂದು ಸಾಹೇಬರು ಅಂಗಳದಲ್ಲಿ ಆಚೀಚೆ ತಿರುಗುತ್ತಾ ಅಪ್ಪನನ್ನು ಬೇಡಿಕೊಂಡರು. ಅಪ್ಪ ಅರ್ಧ ಒಪ್ಪಿಯೂ ಇದ್ದರು. ಆಗ ಜಗಲಿಯಲ್ಲಿ ಕುಳಿತಿದ್ದ ಅಜ್ಜಿ ಬಾಯಿ ತೆರೆದರು.

"ಅವರು ನಮ್ಮ ಹಾಗೆ ಮನುಷ್ಯರು ಅಂತ ನೀವೇ ಹೇಳುದಲ್ವಾ ಸಾಹೇಬ್ರೆ? ನಿಮ್ಮನ್ನು ಹೆತ್ತ ಉಮ್ಮನ ಎಲುಬನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡ್ತೀರಾ?"

ಸಾಹೇಬರು ತಿರುಗಾಟ ನಿಲ್ಲಿಸಿ, ಮಡಕೆಯನ್ನು ಒಡೆಯದ ಹಾಗೆ ತಾನೇ ಹಿಡಿದುಕೊಳ್ಳುತ್ತೇನೆ ಎಂದರು. ಎದೆಗೆ ಒತ್ತಿಕೊಂಡು ಹೊಳೆಯವರೆಗೆ ತಂದರು. ನೀರಿಗೆ ಬಿಡುವಾಗ ಮಾತ್ರ ಅಪ್ಪನ ಕೈಗೆ ಕೊಟ್ಟು ಮುಖ ತಿರುಗಿಸಿದರು.

ಆಮೇಲೆ ಅವರಿಗೆ ನೆಮ್ಮದಿ ಇರಲಿಲ್ಲ. ಬೇಸಗೆಯಲ್ಲಿ ನೇತ್ರಾವತಿಯ ನೀರು ಇಳಿದದ್ದೇ ತಡ, ಪಂಚೆ ಎತ್ತಿಕಟ್ಟಿ ಮರಳಿನಲ್ಲಿ ಆ ಮಡಕೆ ಹುಡುಕುತ್ತಿದ್ದರು. ಸಿಕ್ಕಿದರೆ ಏನು ಮಾಡುತ್ತೀರಿ ಎಂದು ನಾನೊಮ್ಮೆ ಕೆಣಕಿದೆ.

"ಏನೂ ಮಾಡುದಿಲ್ಲ ಮಗಾ. ಒಮ್ಮೆ ನೋಡಿ ಅಲ್ಲೇ ಬಿಡ್ತೇನೆ."

ನಾನು ನಂಬಲಿಲ್ಲ. ಅವರಾದರೂ ನಂಬಿದ್ದರೋ ಇಲ್ಲವೋ... ಕೆಳಗಿನ ಅಣೆಕಟ್ಟು ಎತ್ತರವಾದ ಮೇಲೆ ಬೇಸಗೆಯಲ್ಲೂ ಮರಳು ಕಾಣದಾಯಿತು. ಆದರೂ ದಂಡೆಯಲ್ಲಿ ಶತಪಥ ಹಾಕುವುದನ್ನು ಅವರು ಬಿಡಲಿಲ್ಲ. ನೋಡಿ ನೋಡಿ ನನಗೇ ಸಂಕಟವಾಗುತ್ತಿತ್ತು.

ಅಜ್ಜಿ ಹೋದಾಗ ಅಸ್ಥಿ ಬಿಟ್ಟದ್ದೂ ಮಡಕೆ ಬಿಟ್ಟ ಅದೇ ಹೊಳೆಯ ಕಡವಿನಲ್ಲಿ. ದೂರದಲ್ಲಿ ನಿಂತಿದ್ದ ಸಾಹೇಬರು, ವಾಪಸು ಬರುವಾಗ ನನ್ನ ಹತ್ತಿರ ಬಂದು ಮೆಲ್ಲಗೆ, "ಇನ್ನು ಆ ಮಡಕೆಯವರಿಗೆ ಜೊತೆ ಆಯ್ತು" ಎಂದರು. ಮರುವರ್ಷ ಅವರೂ ಹೋದರು.

ಬಸ್ಸು ಹೊರಟಿತು. ಅಜ್ಜಿ ಕೇಳಿದ್ದು ಸರಿ ಎಂದೇ ನಾನು ಈಗಲೂ ಹೇಳುವುದು. ಆದರೂ ತಿರುಗಿ ತಿರುಗಿ ಜೆಸಿಬಿ ಅಗೆದ ಆ ಗುಂಡಿಯನ್ನೇ ನೋಡಿದೆ. ಏನಾದರೂ ಕಂಡಿದ್ದರೆ ನಾನು ಓಡಿ ಹೋಗಿ ಹೇಳಬೇಕಾಗಿದ್ದವರು ಮಸೀದಿಯ ಹಿಂದೆ, ಇದೇ ಕೆಂಪು ಮಣ್ಣಿನ ಅಡಿಯಲ್ಲಿದ್ದಾರೆ.