ಅವ್ವನ ಹೊಸ ಬಣ್ಣ, ಎಮ್ಮೆಯ ಚಿಂತೆ

ಗೆಳತಿಯರೇ, ಸಿಂಧನೂರಿನ ಪಾರ್ಲರಿನಲ್ಲಿ ಇಂದು ನಮ್ಮವ್ವ ಕೂದಲಿನ ಬಣ್ಣದ ಕಾರ್ಡು ಹಿಡಿದು ಅರ್ಧ ತಾಸು ಕೂತಳು. ಕಪ್ಪು ಬೇಸರವಾಗಿದೆಯಂತೆ, ಹೊಸದು ಬೇಕಂತೆ. ಆದರೆ ನಾನು ತೋರಿಸಿದ್ದೆಲ್ಲ ಬೇಡ.

"ಎಮ್ಮಿ ನನ್ನ ಗುರ್ತ ಹಿಡೀಬೇಕಲ್ಲಬೇ! ಹೊಸಬರು ಹಿಂಡಾಕ ಕುಂತ್ರ ಅದು ಹಾಲು ಕೊಡಂಗಿಲ್ಲ."

ಪಾರ್ಲರಿನ ಹುಡುಗಿ ನಕ್ಕಳು. "ಎಲ್ಲಾರೂ ಗಂಡಗ ಹೆಂಗ ಕಾಣ್ತೀನಿ ಅಂತ ಕೇಳ್ತಾರ್ರೀ ಅಮ್ಮಾ. ಎಮ್ಮಿ ಚಿಂತಿ ಮಾಡಿದೋರು ನೀವ ಮೊದಲು."

"ಗಂಡ ಏನು ಹಾಲು ಕೊಡ್ತಾನೇನವ್ವ?" ಎಂದಳು ಅವ್ವ.

ಕೊನೆಗೆ ಕೆಂಪು ಬೆರೆತ ಕಂದು ಬಣ್ಣ ಒಪ್ಪಿದಳು. ಸಂಜೆ ನಮ್ಮೂರು ಸಾಲಗುಂದಕ್ಕೆ ಮರಳಿದವಳೇ ಹಳೆಯ ಸೀರೆ ಉಟ್ಟು, ತಲೆತುಂಬ ಸೆರಗು ಹೊದ್ದು ಹಾಲು ಕರೆಯಲು ಕೂತಳು. ಎಮ್ಮೆಗೆ ಏನೂ ಗೊತ್ತಾಗಲಿಲ್ಲ.

ಅಪ್ಪನ ಮುಂದೆ ಬಂದಾಗ ಮಾತ್ರ ಅದೇ ಸೆರಗು ತಲೆಯ ಮೇಲೆ ನಿಲ್ಲುತ್ತಲೇ ಇಲ್ಲ. ಸಂಜೆಯಿಂದ ಅವರಿಗೆ ಅವಳು ತಂದುಕೊಟ್ಟ ಮೂರನೆಯ ಚಹಾ ಇದು!