ಎಲೆಅಡಿಕೆ ಚೀಲದೊಳಗಿನ ಮ್ಯಾಗ್ನೆಟ್ಟು

ಬಸ್ಸು ತೆರಕಣಾಂಬಿ ದಾಟಿದ್ದು ನೆನಪಿದೆ. ಕಿಟಕಿಯ ಕಂಬಿ ನೆನಪಿದೆ. ಬಾಯಲ್ಲಿ ತಾಮ್ರದ ರುಚಿ ಬಂದದ್ದೂ ನೆನಪಿದೆ. ಫಿಟ್ಸ್‌ಗೆ ಮುಂಚೆ ಅದು ಬರುತ್ತದೆ. ಅಲ್ಲಿಂದ ಮುಂದಿನದೆಲ್ಲ ನಮ್ಮ ಅತ್ತೆ ಹೇಳಿದ್ದು. ಮೂರು ಸಲ ಮೂರು ಥರ ಹೇಳಿದ್ದಾರೆ. ನನಗೆ ಹಿಡಿಸಿದ್ದನ್ನು ಆರಿಸಿಕೊಂಡಿದ್ದೇನೆ.

ನನ್ನ ಎದೆಯ ಎಡಗಡೆ, ಚರ್ಮದೊಳಗೆ, ಒಂದು ಪುಟ್ಟ ಯಂತ್ರವಿದೆ. ಅದರ ತಂತಿ ಕತ್ತಿನ ನರಕ್ಕೆ ಸುತ್ತಿಕೊಂಡಿದೆ. ಐದೈದು ನಿಮಿಷಕ್ಕೊಮ್ಮೆ ಅದು ನರವನ್ನು ತಟ್ಟುತ್ತದೆ. ಆಗ ನನ್ನ ದನಿ ಒಡೆಯುತ್ತದೆ. ಫಿಟ್ಸ್ ಬಂದರೆ ಮೇಲಿಂದ ಮ್ಯಾಗ್ನೆಟ್ ಸವರಬೇಕು, ಇನ್ನೊಮ್ಮೆ ತಟ್ಟುತ್ತದೆ. ಅದನ್ನು ಹಾಕಿಸಿದ ಮೇಲೆ ಫಿಟ್ಸ್ ನಿಂತಿರಲಿಲ್ಲ, ಕಡಿಮೆಯಾಗಿತ್ತು. ಗುಂಡ್ಲುಪೇಟೆಯಿಂದ ಚಾಮರಾಜನಗರದ ಆಫೀಸಿಗೆ ಮತ್ತೆ ಹೋಗುತ್ತೇನೆಂದೆ. ಗಂಡನ ಷರತ್ತು: ಒಂದು ವಾರ ಅತ್ತೆ ಜೊತೆಗೆ ಬರುತ್ತಾರೆ, ಏನೂ ಆಗದಿದ್ದರೆ ಆಮೇಲೆ ಒಬ್ಬಳೇ, ಏನಾದರೂ ಆದರೆ ಕೆಲಸ ಬಿಡಬೇಕು.

ಆದದ್ದು ಶನಿವಾರ, ಕೊನೆಯ ದಿನ.

ಮೊದಲೆಲ್ಲ ಅತ್ತೆಯ ಔಷಧಿ ಒಂದೇ: ಅಂಗೈಗೆ ಕಬ್ಬಿಣದ ಬೀಗದ ಕೈ ತುರುಕುವುದು. ಅದು ಕೊರೆದ ಗುರುತು ಇನ್ನೂ ಇದೆ. ನರ್ಸ್ ಬೇಡವೆಂದ ಮೇಲೂ, ಇರಲಿ ಅಂತ, ಎಲೆಅಡಿಕೆ ಚೀಲದಲ್ಲಿ ಮ್ಯಾಗ್ನೆಟ್ ಜೊತೆಗೇ ಅದನ್ನೂ ಇಟ್ಟಿದ್ದರು. ಅವತ್ತು ಬಸ್ಸಿನಲ್ಲಿ ಮ್ಯಾಗ್ನೆಟ್ ಎಳೆದರೆ ಬೀಗದ ಕೈ, ಸುಣ್ಣದ ಡಬ್ಬಿ ಎಲ್ಲ ಕಚ್ಚಿಕೊಂಡೇ ಬಂದವಂತೆ.

ಹಿಂದಿನ ಸೀಟಿನವನು ಕೂಗಿದನಂತೆ: "ಕಬ್ಬಿಣ ಕೊಡವ್ವ ಕೈಗೆ!"

"ಕೊಡಕಿಲ್ಲ. ಅವ್ಳ ಎದೇಲೇ ಮಿಷಿನ್ ಅದೆ ಕಣ್ಲಾ. ಸುಮ್ಕೆ ಅತ್ತಗೋಗು, ಗಾಳಿ ಬುಡು!"

ಬಿಡಿಸಲು ಪುರುಸೊತ್ತೆಲ್ಲಿ? ನನ್ನನ್ನು ಮಗ್ಗುಲಿಗೆ ತಿರುಗಿಸಿ, ಇಡೀ ಗೊಂಚಲನ್ನೇ ಎದೆಯ ಮೇಲೆ ಸವರಿದರಂತೆ. ಬಸ್ಸು ನಿಲ್ಲಿಸಿ ಬಂದ ಕಂಡಕ್ಟರ್ ನೋಡುತ್ತ ನಿಂತನಂತೆ.

"ಏನಜ್ಜಿ, ಬೀಗ ತೆಗೀತಿದ್ದೀಯಾ?"

"ಊಂ ಕಣಪ್ಪ. ಸರ್ಯಾಗಿ ನೋಡ್ಕೊ. ಸೋಮವಾರದಿಂದ ನೀನೇ ತೆಗೀಬೇಕು."

ಈ ಮಾತು ಮೂರರಲ್ಲಿ ಒಂದು ಸಲ ಮಾತ್ರ ಬಂದಿದೆ. ನಾನದನ್ನು ಬಿಡುವುದಿಲ್ಲ.

ಮನೆಯಲ್ಲಿ ಗಂಡ, ಸಾಕು, ಕೆಲಸ ಬಿಡು ಅಂದರು. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ, "ಬಂದುದ್ದು ಓಯ್ತಲ್ಲ, ಇನ್ನೇನ್ಲಾ?" ಅಂದರು. ಇದು ನಾನೇ ಕೇಳಿದ್ದು.

ಸೋಮವಾರ ಅತ್ತೆ ಮ್ಯಾಗ್ನೆಟ್ಟನ್ನು ನನ್ನ ಮಣಿಕಟ್ಟಿಗೆ ಕಟ್ಟಿದರು. ಬೀಗದ ಕೈ ಗೋಡೆಯ ಮೊಳೆಗೆ ಹೋಯಿತು. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹರಿಯುತ್ತ ಬಗ್ಗಿ ಕೇಳಿದ:

"ಎಡಗಡೆ ತಾನೆ ಮೇಡಂ?"

ಹೌದು ಅಂದೆ. ಅದೇ ಹೊತ್ತಿಗೆ ಯಂತ್ರ ತಟ್ಟಿ ದನಿ ಒಡೆಯಿತು. ಆತ ತಲೆಯಾಡಿಸಿ ಮುಂದಿನ ಸೀಟಿಗೆ ಹೋದ.